‘ನಾವು ಪೊಲೀಸರಲ್ಲ ಅಂದ್ರೆ, ಮತ್ತೆ ನಾವು ಯಾರು ಸಾರ್?’

ಪ್ರಶ್ನೆ: ನಾನು ಸೇನೆಯಲ್ಲಿ 17 ವರ್ಷ ಇದ್ದು ಹವಾಲ್ದಾರ್ ಆಗಿ ನಿವೃತ್ತನಾದವನು. ಹಾಸನ ಜಿಲ್ಲೆಯವನು. ಎರಡು ವರ್ಷದಿಂದ ಒಂದು ವಸತಿ ಕಾಲೇಜಿನಲ್ಲಿ ಏಜೆನ್ಸಿ ಮೂಲಕ ಸೆಕ್ಯೂರಿಟಿ ಸೂಪರ್‌ವೈಸರ್ ಆಗಿದ್ದೇನೆ. ಎಂಜಿನಿಯರಿಂಗ್ ಜತೆಗೆ ಪಿಯುಸಿಯೂ ಇದೆ. ಎರಡು ಹಾಸ್ಟೆಲ್ ಇವೆ, ನನ್ನ ಕೈಕೆಳಗೆ 26 ಗಾರ್ಡ್‌ಗಳು. ಮೂರು ವಾರದ ಹಿಂದೆ ಫೆಸ್ಟ್ ಮುಗಿದ ರಾತ್ರಿ ಹೊರಗಿನ ಹುಡುಗರಿಗೂ ನಮ್ಮ ಹುಡುಗರಿಗೂ ಹೊಡೆದಾಟವಾಯಿತು. ಹೊರಗಿನವನೊಬ್ಬ, 20 ವರ್ಷದವನು, ನಮ್ಮ ಕೈಗೆ ಸಿಕ್ಕಿಬಿದ್ದ. ಪ್ರಿನ್ಸಿಪಾಲರಿಗೆ ಫೋನ್ ಮಾಡಿದರೆ ‘ಪೊಲೀಸರಿಗೆ ಹೇಳಬೇಡಿ, ಕಾಲೇಜಿನ ಹೆಸರು ಹಾಳಾಗುತ್ತೆ, ಬೆಳಿಗ್ಗೆ ನೋಡೋಣ’ ಅಂದರು. ರಾತ್ರಿ ಹನ್ನೊಂದೂವರೆಯಿಂದ ಬೆಳಿಗ್ಗೆ ಆರೂವರೆ ತನಕ ಅವನನ್ನು ಗೇಟ್ ರೂಮಿನಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿದ್ದೆವು. ಊಟ, ನೀರು ಕೊಟ್ಟಿದ್ದೇವೆ. ಯಾರೂ ಕೈ ಮಾಡಿಲ್ಲ. ಈಗ ಅವನ ತಂದೆ ನನ್ನ ಮೇಲೆ ಕೇಸು ಹಾಕುತ್ತೇನೆ ಎನ್ನುತ್ತಿದ್ದಾರೆ. ಪ್ರಿನ್ಸಿಪಾಲರು ‘ನಾನು ಹಾಗೆ ಹೇಳಲೇ ಇಲ್ಲ’ ಎನ್ನುತ್ತಾರೆ. ಇದರ ಮೇಲೆ ವಾರ್ಡನ್ ಆಗಾಗ ಹುಡುಗರ ರೂಮು, ಮೊಬೈಲ್ ಚೆಕ್ ಮಾಡಲು ಹೇಳುತ್ತಾರೆ. ಹುಡುಗರು ‘ನೀವೇನು ಪೊಲೀಸಾ?’ ಅಂತ ಕೇಳುತ್ತಾರೆ. ನಾವು ಪೊಲೀಸರಲ್ಲ ಅಂದ್ರೆ, ಮತ್ತೆ ನಾವು ಯಾರು ಸಾರ್? ಕೆಲಸ ಬಿಟ್ಟುಬಿಡಲಾ?

(ಹೆಸರು, ಊರು ಪ್ರಕಟಿಸಬೇಡಿ ಎಂದಿದ್ದಾರೆ.)

ಉತ್ತರ: ಹವಾಲ್ದಾರರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಸಿನ ಭಯ ಇದ್ದೇ ಇದೆ. ಆದರೆ ಹೇಳಿದ ಹಾಗೆ ಕೇಳಿದ್ದಕ್ಕೆ ಹೇಳಿದವರೇ ಕೈಬಿಟ್ಟರಲ್ಲ ಅನ್ನುವ ನೋವು ಅದಕ್ಕಿಂತ ಹೆಚ್ಚಾಗಿ ನಿಮ್ಮನ್ನು ಕೊರೆಯುತ್ತಿದೆ ಅನ್ನಿಸಿತು. ನಾನು ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ, ನಿವೃತ್ತಿಯ ನಂತರ ಒಂದು ವಿಶ್ವವಿದ್ಯಾಲಯದ ಭದ್ರತೆ ನೋಡಿಕೊಂಡವನು. ಕಾಲೇಜು ಗೇಟಿನ ಹೊರಗೂ ನಿಂತಿದ್ದೇನೆ, ಒಳಗೂ ನಿಂತಿದ್ದೇನೆ. ನಿಮ್ಮಂಥ ಹತ್ತಾರು ಸೂಪರ್‌ವೈಸರ್‌ಗಳು ಇದೇ ಗುಂಡಿಗೆ ಬಿದ್ದದ್ದನ್ನು ನೋಡಿದ್ದೇನೆ.

ಮೊದಲು ತುರ್ತು ಕೆಲಸ. ಇವತ್ತೇ ಹೋಗಿ ಆ ರಾತ್ರಿಯ ಸಿಸಿಟಿವಿ ದೃಶ್ಯ ಉಳಿದಿದೆಯೇ ನೋಡಿ. ಕರ್ನಾಟಕದ ಸಾರ್ವಜನಿಕ ಸುರಕ್ಷತಾ ಕಾಯ್ದೆ (2017) ಶಿಕ್ಷಣ ಸಂಸ್ಥೆಗಳನ್ನೂ ಒಳಗೊಂಡು, ದೃಶ್ಯಗಳನ್ನು 30 ದಿನ ಇಟ್ಟುಕೊಳ್ಳಬೇಕು ಎನ್ನುತ್ತದೆ. ಅಷ್ಟಾದ ಮೇಲೆ ಯಂತ್ರ ತಾನಾಗಿ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಾ ಹೋಗುತ್ತದೆ. ನಿಮಗಾಗಲೇ ಮೂರು ವಾರ ಕಳೆದಿದೆ. ಗೇಟ್ ರೂಮಿನ ಎದುರಿನ ಕ್ಯಾಮೆರಾ, ಹೊಡೆದಾಟ ನಡೆದ ಜಾಗದ ಕ್ಯಾಮೆರಾ, ಎರಡನ್ನೂ ಉಳಿಸಿಡಿ ಎಂದು ಕಾಲೇಜಿನ ಐಟಿ ವಿಭಾಗಕ್ಕೆ ಬರವಣಿಗೆಯಲ್ಲಿ ಕೇಳಿ. ನೀವು ಹೊಡೆಯಲಿಲ್ಲ, ಊಟ ಕೊಟ್ಟಿರಿ ಎಂಬುದಕ್ಕೆ ಅದೇ ಸಾಕ್ಷಿ. ಚಿಲಕ ಹಾಕಿದ್ದೂ ಅದರಲ್ಲಿ ಕಾಣುತ್ತದೆ ಎಂದು ಯಾರಾದರೂ ಅಳಿಸುವ ಸಲಹೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಸಾಕ್ಷ್ಯ ನಾಶ ಬೇರೆಯೇ ಅಪರಾಧ, ಮತ್ತು ನೀವು ಮಾಡಿರುವ ತಪ್ಪಿಗಿಂತ ದೊಡ್ಡದು. ರಿಜಿಸ್ಟರ್‌ನಲ್ಲೂ ಹಿಂದಿನ ದಿನಾಂಕ ಹಾಕಿ ಏನನ್ನೂ ಸೇರಿಸಬೇಡಿ. ಆ ರಾತ್ರಿ ಬರೆದಿಲ್ಲವಾದರೆ, ಇವತ್ತಿನ ದಿನಾಂಕ ಹಾಕಿ, ನಡೆದದ್ದನ್ನು ಗಂಟೆ-ನಿಮಿಷ ಸಮೇತ ಬರೆದು ಸಹಿ ಮಾಡಿ. ಪ್ರಿನ್ಸಿಪಾಲರಿಗೆ ಫೋನ್ ಮಾಡಿದ ಸಮಯ ನಿಮ್ಮ ಮೊಬೈಲ್‌ನ ಕಾಲ್ ಲಿಸ್ಟ್‌ನಲ್ಲಿ ಇರುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಈಗ ಆ ಏಳು ಗಂಟೆಯ ವಿಷಯ. ಮುಚ್ಚುಮರೆ ಮಾಡದೆ ಹೇಳುತ್ತೇನೆ: ಅದು ತಪ್ಪೇ. ನಿಮ್ಮ ಉದ್ದೇಶ ಕೆಟ್ಟದಲ್ಲ, ಆದರೂ ಕಾನೂನಿನ ಪ್ರಕಾರ ಒಬ್ಬ ಮನುಷ್ಯನನ್ನು ಅವನ ಇಷ್ಟಕ್ಕೆ ವಿರುದ್ಧವಾಗಿ ಚಿಲಕ ಹಾಕಿ ಕೂರಿಸುವುದು ಅಕ್ರಮ ಬಂಧನ. ಹಳೆಯ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 127ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಒಂದು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

‘ಸಾಮಾನ್ಯ ಮನುಷ್ಯನೂ ಅಪರಾಧಿಯನ್ನು ಹಿಡಿಯಬಹುದು ಅಂತಾರಲ್ಲ ಸಾರ್’ ಎಂದು ನೀವು ಕೇಳಬಹುದು. ಹಿಡಿಯಬಹುದು. ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಯಾವ ನಾಗರಿಕನಿಗೂ ಆ ಅಧಿಕಾರ ಕೊಟ್ಟಿದೆ. ಆದರೆ ಷರತ್ತುಗಳು ಬಿಗಿಯಾಗಿವೆ. ಅಪರಾಧ ನಿಮ್ಮ ಕಣ್ಣೆದುರೇ ನಡೆದಿರಬೇಕು. ಅದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಸಂಜ್ಞೇಯ ಅಪರಾಧವೂ ಆಗಿರಬೇಕು, ಜಾಮೀನುರಹಿತವೂ ಆಗಿರಬೇಕು. ಎರಡೂ ಒಟ್ಟಿಗೆ. ಹಿಡಿದ ಮೇಲೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಇದಕ್ಕೂ ಮುಂಚೆ ಇದ್ದ ಸಿಆರ್‌ಪಿಸಿಯಲ್ಲಿ (ದಂಡ ಪ್ರಕ್ರಿಯಾ ಸಂಹಿತೆ) ‘ಅನಗತ್ಯ ವಿಳಂಬವಿಲ್ಲದೆ’ ಎಂದಷ್ಟೇ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನು ಈ ಆರು ಗಂಟೆಯ ಗೆರೆ ಎಳೆದಿದೆ. ಅನೇಕ ಏಜೆನ್ಸಿಗಳು ಇದನ್ನು ತಮ್ಮ ಗಾರ್ಡ್‌ಗಳಿಗೆ ಇನ್ನೂ ಹೇಳಿಕೊಟ್ಟಿಲ್ಲ.

ನಿಮ್ಮ ಪ್ರಕರಣವನ್ನು ಇದರ ಪಕ್ಕ ಇಟ್ಟು ನೋಡಿ. ಕೈಕೈ ಮಿಲಾಯಿಸುವ ಮಾಮೂಲಿ ಹೊಡೆದಾಟ ಜಾಮೀನು ಸಿಗುವ ಅಪರಾಧ. ಹಾಗಾಗಿ ಹಿಡಿದಿಡುವ ಅಧಿಕಾರವೇ ನಿಮಗೆ ಹುಟ್ಟಿರಲಿಲ್ಲ. ಹುಟ್ಟಿದ್ದರೂ ನೀವು ಪೊಲೀಸರಿಗೆ ಒಪ್ಪಿಸಲಿಲ್ಲ, ಆರು ಗಂಟೆಯೂ ದಾಟಿತ್ತು. ಸೈಕಲ್ ಕಳ್ಳನನ್ನೋ ಮೊಬೈಲ್ ಕಳ್ಳನನ್ನೋ ಹಿಡಿದಾಗಲೂ ಲೆಕ್ಕ ಸುಲಭವಲ್ಲ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದವನು ಅದನ್ನು ಹಿಂದಿರುಗಿಸಿದರೆ ಈಗಿನ ಕಾನೂನಿನಲ್ಲಿ ಶಿಕ್ಷೆ ಸಮಾಜಸೇವೆ. ಇದು ಜಾಮೀನು ಸಿಗುವುದೋ ಸಿಗದ್ದೋ ಎಂದು ರಾತ್ರಿ ಹನ್ನೆರಡಕ್ಕೆ ಟಾರ್ಚ್ ಹಿಡಿದು ನಿಂತ ಗಾರ್ಡ್ ಹೇಗೆ ತೀರ್ಮಾನಿಸಬೇಕು? ಅದಕ್ಕೇ ನನ್ನ ಗಾರ್ಡ್‌ಗಳಿಗೆ ನಾನು ಕೊಟ್ಟ ಸೂಚನೆ ಇಷ್ಟೇ ಇತ್ತು: ಕೊಲೆ, ಅತ್ಯಾಚಾರ, ಸುಲಿಗೆ, ರಾತ್ರಿ ಬೀಗ ಒಡೆದು ನುಗ್ಗುವುದು, ಇಂಥದ್ದು ಕಣ್ಣೆದುರೇ ನಡೆದರೆ, ನಿಮ್ಮ ಜೀವಕ್ಕೆ ಅಪಾಯ ಇಲ್ಲವಾದರೆ, ಹಿಡಿಯಿರಿ. ಹಿಡಿದ ನಿಮಿಷವೇ 112ಕ್ಕೆ ಫೋನ್ ಮಾಡಿ. ಉಳಿದದ್ದಕ್ಕೆ ಮುಖ ನೋಡಿಟ್ಟುಕೊಳ್ಳಿ, ಬೈಕ್ ನಂಬರ್ ಬರೆದುಕೊಳ್ಳಿ, ಜಗಳ ಬಿಡಿಸಿ, ಹೊರಗಿನವನಾದರೆ ಹೊರಗೆ ಕಳಿಸಿ. ಓಡಿಹೋದರೆ ಓಡಿಹೋಗಲಿ. ಹುಡುಕುವುದು ಸ್ಟೇಷನ್ನಿನವರ ಕೆಲಸ.

ನಿಮ್ಮ ಮುಂದಿರುವ ಕೇಸಿನ ಬಗ್ಗೆ ಧೈರ್ಯ ತರುವ ಎರಡು ಮಾತೂ ಇವೆ. ಈ ಅಪರಾಧ ಜಾಮೀನು ಸಿಗುವಂಥದ್ದು. ದೂರು ದಾಖಲಾದರೂ ಸಾಮಾನ್ಯವಾಗಿ ಹಾಜರಾಗಲು ನೋಟಿಸ್ ಬರುತ್ತದೆ, ಹೋಗಿ ಹೇಳಿಕೆ ಕೊಡಬೇಕು. ಎರಡನೆಯದು, ಇದು ರಾಜಿಯಾಗಬಲ್ಲ ಅಪರಾಧ. ಆದರೆ ರಾಜಿ ಮಾಡಿಕೊಳ್ಳುವ ಹಕ್ಕು ಆ ಹುಡುಗನದು, ತಂದೆಯದಲ್ಲ. ಅವನಿಗೆ 20 ವರ್ಷ. ಇಂಥ ಸಂದರ್ಭದಲ್ಲಿ ಎಲ್ಲರೂ ಅಪ್ಪನ ಕಾಲು ಹಿಡಿಯಲು ಓಡುತ್ತಾರೆ, ನೊಂದವನನ್ನು ಯಾರೂ ಮಾತಾಡಿಸುವುದಿಲ್ಲ.

ಪೊಲೀಸ್ ಅಲ್ಲ ಅನ್ನುವುದರ ಅರ್ಥ

ನಿಮ್ಮ ಗೊಂದಲಕ್ಕೆ ಒಂದು ಕಾರಣ ನಿಮ್ಮ ಹಿಂದಿನ ಕೆಲಸ. ಸೇನೆಯಲ್ಲಿ ಸಂತ್ರಿ ‘ಥಮ್’ ಅಂದರೆ ಎದುರಿಗೆ ಬರುವವನು ನಿಲ್ಲಲೇಬೇಕು. ಆ ಗೇಟಿನ ಹಿಂದೆ ಸೇನೆಯ ಕಾನೂನೇ ನಿಂತಿರುತ್ತದೆ. ಕಾಲೇಜಿನ ಗೇಟಿನ ಹಿಂದೆ ಇರುವುದು ಜಾಗದ ಮಾಲೀಕನಿಗೆ ಇರುವ ಹಕ್ಕು ಮಾತ್ರ: ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ಕಳಿಸಬೇಕು ಎಂಬುದು. ನೀವು ಆ ಮಾಲೀಕನ ಪರವಾಗಿ ನಿಂತವರು.

ಇನ್ನೊಂದು ಕಾರಣ ನಾವು ಮೊಬೈಲ್‌ನಲ್ಲಿ ನೋಡುವ ಅಮೆರಿಕದ ವಿಡಿಯೋಗಳು. ಅಲ್ಲಿ ‘ಕ್ಯಾಂಪಸ್ ಪೊಲೀಸ್’ ನಿಜಕ್ಕೂ ಇದ್ದಾರೆ. ಯೇಲ್ ವಿಶ್ವವಿದ್ಯಾಲಯ 1894ರಲ್ಲೇ ನಗರದ ಇಬ್ಬರು ಪೊಲೀಸರನ್ನು ತನ್ನ ಕ್ಯಾಂಪಸ್ಸಿಗೆ ಹಾಕಿಸಿಕೊಂಡು ಆ ಪದ್ಧತಿಗೆ ನಾಂದಿ ಹಾಡಿತು. ಈಗ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳಿಗೆ ಪ್ರಮಾಣವಚನ ಸ್ವೀಕರಿಸಿದ, ಬಂದೂಕು ಹಾಗೂ ಬಂಧನದ ಅಧಿಕಾರ ಇರುವ ಸ್ವಂತ ಪೊಲೀಸ್ ವಿಭಾಗಗಳಿವೆ. ನಮ್ಮ ಕಾಲೇಜುಗಳಿಗೆ ಅಂಥ ಅಧಿಕಾರವನ್ನು ಯಾವ ಕಾನೂನೂ ಕೊಟ್ಟಿಲ್ಲ. ಆದರೆ ಅಮೆರಿಕದಿಂದ ನಾವು ಕಲಿಯಬೇಕಾದದ್ದು ಬೇರೆಯೇ ಇದೆ. 1986ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ ಜೀನ್ ಕ್ಲೆರಿ ಎಂಬ ವಿದ್ಯಾರ್ಥಿನಿಯ ಕೊಲೆಯಾಯಿತು. ಕ್ಯಾಂಪಸ್ಸಿನಲ್ಲಿ ಅದಕ್ಕೂ ಮುಂಚೆ ನಡೆದಿದ್ದ ಅಪರಾಧಗಳನ್ನು ವಿದ್ಯಾರ್ಥಿಗಳಿಗೆ ತಿಳಿಸಿರಲಿಲ್ಲ ಎಂದು ತಂದೆತಾಯಿ ಹೋರಾಡಿದರು. 1990ರಲ್ಲಿ ಬಂದ ಕಾನೂನು ಈಗ ಅವಳ ಹೆಸರಿನಲ್ಲೇ ಇದೆ. ಕ್ಯಾಂಪಸ್ಸಿನಲ್ಲಿ ನಡೆದ ಅಪರಾಧವನ್ನು ದಿನವಹಿ ಬರೆದಿಡಬೇಕು, ಪ್ರತಿ ವರ್ಷ ಬಹಿರಂಗ ಮಾಡಬೇಕು, ಅಪಾಯ ಕಂಡರೆ ವಿದ್ಯಾರ್ಥಿಗಳನ್ನು ಎಚ್ಚರಿಸಬೇಕು. ನಿಮ್ಮ ಪ್ರಿನ್ಸಿಪಾಲರು ಆ ರಾತ್ರಿ ಹೇಳಿದ್ದು ಇದಕ್ಕೆ ಪೂರ್ತಿ ಉಲ್ಟಾ.

ಹಾಗಾದರೆ ನೀವು ಯಾರು? ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ (2005) ನಿಮ್ಮನ್ನು ಹೆಸರಿಟ್ಟೇ ಕರೆಯುತ್ತದೆ. ಏಜೆನ್ಸಿಗಳು ಸೂಪರ್‌ವೈಸರ್‌ಗಳನ್ನು ನೇಮಿಸಿಕೊಳ್ಳಲೇಬೇಕು, ಸೇನೆ ಅಥವಾ ಪೊಲೀಸ್‌ನಲ್ಲಿ ಕನಿಷ್ಠ ಮೂರು ವರ್ಷ ದುಡಿದವರಿಗೆ ಆದ್ಯತೆ ಕೊಡಬೇಕು ಎನ್ನುತ್ತದೆ. ಅದರಡಿ ಕೇಂದ್ರ ರೂಪಿಸಿದ ಮಾದರಿ ನಿಯಮದಲ್ಲಿ ಒಬ್ಬ ಸೂಪರ್‌ವೈಸರ್ ಕೆಳಗೆ 15 ಗಾರ್ಡ್‌ಗಳಿಗಿಂತ ಹೆಚ್ಚು ಇರಕೂಡದು. ನಿಮ್ಮ ಕೆಳಗೆ 26 ಜನ ಇದ್ದಾರೆ! ಗಾರ್ಡ್‌ಗೆ 100 ಗಂಟೆ ಪಾಠ, 60 ಗಂಟೆ ಪ್ರಾಯೋಗಿಕ ತರಬೇತಿ ಎಂದಿದೆ. ಮಾಜಿ ಸೈನಿಕರಿಗೆ ಮಾತ್ರ 40 ಮತ್ತು 16 ಗಂಟೆ ಸಾಕು. ನಿಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ಇದು ಸಿಕ್ಕಿದೆ ಎಂದು ಏಜೆನ್ಸಿಯನ್ನು ಕೇಳಿ. ಅದೇ ಕಾಯ್ದೆ ಪೊಲೀಸ್ ಅಥವಾ ಸೇನೆಯ ಹೋಲಿಕೆಯ ಸಮವಸ್ತ್ರ ಹಾಕಿದರೆ ಗಾರ್ಡ್‌ಗೂ ಏಜೆನ್ಸಿ ಮಾಲೀಕನಿಗೂ ಒಂದು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಎನ್ನುತ್ತದೆ. ಖಾಕಿ ಬಣ್ಣ, ಹೆಗಲ ಮೇಲೆ ನಕ್ಷತ್ರ ಇದ್ದರೆ ಹುಡುಗರು ಹೆದರುತ್ತಾರೆ ಎಂದು ಕೆಲವು ಕಡೆ ಹಾಕಿಸುತ್ತಾರೆ. ನಿಮ್ಮಲ್ಲೂ ಇದ್ದರೆ ನಾಳೆಯೇ ತೆಗೆಸಿ.

ರೂಮು, ಬ್ಯಾಗು, ಮೊಬೈಲು

ಗೇಟಿನಲ್ಲಿ ಬ್ಯಾಗ್ ನೋಡುವುದು ಒಳಗೆ ಬರಲು ಹಾಕಿದ ಷರತ್ತು. ತೋರಿಸಲ್ಲ ಅಂದರೆ ಒಳಗೆ ಬಿಡಬೇಡಿ, ಕಿತ್ತು ನೋಡಬೇಡಿ. ಹೆಣ್ಣುಮಕ್ಕಳ ಬ್ಯಾಗನ್ನು ಮಹಿಳಾ ಗಾರ್ಡ್ ಮಾತ್ರ ನೋಡಲಿ. ಹಾಸ್ಟೆಲ್ ರೂಮಿನ ತಪಾಸಣೆ, ಸೇರುವಾಗ ಸಹಿ ಮಾಡಿಸಿಕೊಂಡ ಹಾಸ್ಟೆಲ್ ನಿಯಮದ ಮೇಲೆ ನಿಂತಿದೆ. ಮಾಡಬೇಕಾದವರು ವಾರ್ಡನ್, ಆ ವಿದ್ಯಾರ್ಥಿಯ ಎದುರಿಗೇ. ನೀವು ಬಾಗಿಲಲ್ಲಿ ಸಾಕ್ಷಿಯಾಗಿ ನಿಂತರೆ ಸಾಕು, ಕಪಾಟಿಗೆ ಕೈ ಹಾಕಬೇಡಿ.

ಮೊಬೈಲ್ ಮಾತ್ರ ಮುಟ್ಟಲೇಬೇಡಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತಲ್ಲ, ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪಿನ ಮಾತು ಹಾಗಿರಲಿ, ಒಬ್ಬ ಹುಡುಗಿಯ ಫೋನು ಹತ್ತು ನಿಮಿಷ ನಿಮ್ಮ ಗಾರ್ಡ್ ಕೈಯಲ್ಲಿತ್ತು ಎಂದಿಟ್ಟುಕೊಳ್ಳಿ. ಆರು ತಿಂಗಳ ನಂತರ ಅವಳ ಫೋಟೋ ಎಲ್ಲೋ ಹರಿದಾಡಿದರೆ ಮೊದಲ ಸಂಶಯ ಯಾರ ಮೇಲೆ ಬರುತ್ತದೆ?

ಗಾಂಜಾ, ಮಾತ್ರೆ ಥರದ್ದು ಕಣ್ಣಿಗೆ ಬಿದ್ದರೆ ಅನೇಕ ಸೂಪರ್‌ವೈಸರ್‌ಗಳು ಜೇಬಿಗೆ ಹಾಕಿಕೊಂಡು ಪ್ರಿನ್ಸಿಪಾಲರ ಮೇಜಿನ ಮೇಲಿಡುತ್ತಾರೆ. ಆ ದಾರಿಯಲ್ಲಿ ಯಾರಾದರೂ ಹಿಡಿದರೆ ಅದು ನಿಮ್ಮ ಬಳಿ ಸಿಕ್ಕ ಮಾಲು. ಇದ್ದಲ್ಲೇ ಬಿಟ್ಟು, ಆ ಜಾಗಕ್ಕೆ ಯಾರೂ ಹೋಗದಂತೆ ಒಬ್ಬರನ್ನು ನಿಲ್ಲಿಸಿ, ಪೊಲೀಸರನ್ನು ಕರೆಸಿ. ಮಾದಕವಸ್ತು ಕಾಯ್ದೆಯಲ್ಲಿ ಹುಡುಕುವ, ವಶಪಡಿಸಿಕೊಳ್ಳುವ ಅಧಿಕಾರ ಗೊತ್ತುಪಡಿಸಿದ ಅಧಿಕಾರಿಗಳಿಗಷ್ಟೇ ಇದೆ. ಅವರ ಕ್ರಮದಲ್ಲಿ ಒಂದು ಹೆಜ್ಜೆ ತಪ್ಪಿದರೂ ಕೇಸು ಬಿದ್ದುಹೋಗಬಹುದು. ಇನ್ನು ನಿಮ್ಮ ಜೇಬಿನ ಮೂಲಕ ಹಾದು ಬಂದ ಪೊಟ್ಟಣದ ಗತಿ ಏನು?

ಇದೇ ಜಾಗದಲ್ಲಿ ಇನ್ನೊಂದು ಮಾತು. ಯಾವ ಹುಡುಗ ಯಾವ ಹುಡುಗಿಯ ಜತೆ ಕ್ಯಾಂಟೀನಿನಲ್ಲಿ ಕೂತಿದ್ದ, ಅವರ ಜಾತಿ ಧರ್ಮ ಏನು ಎನ್ನುವುದು ನಿಮ್ಮ ಕೆಲಸದ ವ್ಯಾಪ್ತಿಯಲ್ಲಿ ಇಲ್ಲ. ಗಾರ್ಡ್‌ಗಳಿಂದ ಇಂಥ ಸುದ್ದಿ ಹೊರಗಿನ ಗುಂಪುಗಳಿಗೆ ಹೋಗಿ, ಗೇಟಿನಾಚೆ ಮಕ್ಕಳನ್ನು ಅಡ್ಡಗಟ್ಟಿದ ಪ್ರಕರಣಗಳನ್ನು ನಾನು ಸ್ಟೇಷನ್ನಿನಲ್ಲಿ ಕೂತು ವಿಚಾರಿಸಿದ್ದೇನೆ. ವಿಸಿಟರ್ ಬುಕ್ಕಿನ ಒಂದು ಹಾಳೆಯೂ ಹೊರಗಿನವರ ಮೊಬೈಲಿಗೆ ಹೋಗಕೂಡದು. ಹೋದರೆ ಆ ಗಾರ್ಡ್‌ನನ್ನು ಅವತ್ತೇ ಪಾಯಿಂಟ್‌ನಿಂದ ತೆಗೆಯಬೇಕು. ಅದು ನಿಮ್ಮ ಹೊಣೆ.

‘ಪೊಲೀಸರಿಗೆ ಹೇಳಬೇಡಿ’

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ವಾಕ್ಯ ಇದು. ಕಾಲೇಜು ಆಡಳಿತಗಳಲ್ಲಿ ಕೆಲವು ನಂಬಿಕೆಗಳು ಗಟ್ಟಿಯಾಗಿ ಕೂತಿವೆ. ಪ್ರಿನ್ಸಿಪಾಲರ ಅನುಮತಿ ಇಲ್ಲದೆ ಪೊಲೀಸರು ಕ್ಯಾಂಪಸ್ಸಿಗೆ ಬರುವಂತಿಲ್ಲ ಅನ್ನುತ್ತಾರೆ. ಹಾಗೆಂದು ಯಾವ ಕಾನೂನೂ ಇಲ್ಲ. ಗೌರವಕ್ಕೆ ಮೊದಲೇ ತಿಳಿಸುವ ರೂಢಿ ಇದೆ ಅಷ್ಟೆ. ಒಳಗಿನ ವಿಷಯ ಒಳಗೇ ಮುಗಿಸಬೇಕು ಅನ್ನುತ್ತಾರೆ. ರ‍್ಯಾಗಿಂಗ್ ವಿಷಯದಲ್ಲಿ ಯುಜಿಸಿಯ 2009ರ ನಿಯಮ ಇದಕ್ಕೆ ವಿರುದ್ಧ: ದೂರು ಬಂದು, ಅದರಲ್ಲಿ ಕ್ರಿಮಿನಲ್ ಅಂಶ ಕಂಡರೆ, ಸಂಸ್ಥೆಯ ಮುಖ್ಯಸ್ಥರು 24 ಗಂಟೆಯೊಳಗೆ ಪೊಲೀಸರಿಗೆ ದೂರು ಕೊಡಬೇಕು. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ, ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ.

ನಿಮ್ಮಲ್ಲಿ ಪಿಯುಸಿ ಮಕ್ಕಳಿದ್ದಾರೆ ಅಂದಿರಿ. ಅವರಲ್ಲಿ ಹೆಚ್ಚಿನವರು 18 ತುಂಬದವರು. ಅವರಲ್ಲಿ ಯಾರ ಮೇಲಾದರೂ ಲೈಂಗಿಕ ದೌರ್ಜನ್ಯ ನಡೆದದ್ದು ನಿಮಗೆ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆಯಡಿ ನಿಮ್ಮ ಸ್ವಂತ ಹೊಣೆ. ‘ಪ್ರಿನ್ಸಿಪಾಲರಿಗೆ ಹೇಳಿದ್ದೆ’ ಎನ್ನುವುದು ಉತ್ತರವಾಗುವುದಿಲ್ಲ. ತಿಳಿಸದಿದ್ದವರಿಗೆ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಆ ಮಗುವಿನ ಹೆಸರು ವಾಕಿಟಾಕಿಯಲ್ಲಾಗಲಿ, ಗಾರ್ಡ್‌ಗಳ ವಾಟ್ಸ್ಆ್ಯಪ್ ಗುಂಪಿನಲ್ಲಾಗಲಿ ಬರಕೂಡದು.

ಹೆಸರು ಹಾಳಾಗುತ್ತದೆ ಎಂಬ ಭಯ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಒಂದು ಘಟನೆ. ನಾನಾಗ ಸಬ್ ಇನ್‌ಸ್ಪೆಕ್ಟರ್. ಒಂದು ಹಾಸ್ಟೆಲಿನಲ್ಲಿ ಚಾಕು ಇರಿತವಾಗಿದೆ ಎಂದು ಗೊತ್ತಾದದ್ದು ಆಸ್ಪತ್ರೆಯಿಂದ, ಕಾಲೇಜಿನಿಂದಲ್ಲ. ಹೋಗಿ ನೋಡಿದರೆ ಕಾರಿಡಾರ್ ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ‘ಮಕ್ಕಳು ಬೆಳಿಗ್ಗೆ ಎದ್ದು ನೋಡಿ ಹೆದರುತ್ತಾರೆ’ ಎಂದು ಸೂಪರ್‌ವೈಸರ್ ರಕ್ತ ತೊಳೆಸಿದ್ದರು. ಒಳ್ಳೆಯ ಮನುಷ್ಯ, ಅವರೂ ಮಾಜಿ ಸೈನಿಕರೇ. ಇರಿದವನು ಯಾರು ಎಂದು ಇಡೀ ಹಾಸ್ಟೆಲಿಗೆ ಗೊತ್ತಿತ್ತು, ಕೋರ್ಟಿನಲ್ಲಿ ನಿಲ್ಲಿಸಲು ನಮ್ಮ ಬಳಿ ಏನೂ ಉಳಿದಿರಲಿಲ್ಲ. ಗಾಯಗೊಂಡ ಹುಡುಗನ ಅಮ್ಮ ‘ನೀವೂ ದುಡ್ಡು ತಗೊಂಡ್ರಾ ಸಾರ್?’ ಎಂದು ನನ್ನನ್ನೇ ಕೇಳಿದರು.

ಜಾಗ ಕಾಪಾಡುವುದು ನಿಮ್ಮ ಕೆಲಸದ ಬಹುಮುಖ್ಯ ಭಾಗ. ಗಾಯಾಳು ಇದ್ದರೆ ಮೊದಲು 108. ಆಮೇಲೆ 112. ಆಮೇಲೆ ಆ ಕೋಣೆಗೆ ಬೀಗ ಅಥವಾ ಒಂದು ಹಗ್ಗ, ಒಬ್ಬ ಗಾರ್ಡ್. ಯಾರು ಒಳಗೆ ಹೋದರು, ಎಷ್ಟು ಗಂಟೆಗೆ, ಎಂಬ ಪಟ್ಟಿ. ಸಿಸಿಟಿವಿ ದೃಶ್ಯವನ್ನು ಪೊಲೀಸರಿಗೆ ಕೊಡುವಾಗ ಪೆನ್‌ಡ್ರೈವ್ ಕೈಗೆ ಕೊಟ್ಟು ಕಳಿಸಿದರೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು, ಫೈಲು ಬದಲಾಗಿಲ್ಲ ಎಂದು ತೋರಿಸುವ ಹ್ಯಾಷ್ ಮೌಲ್ಯ ಎಂಬ ಸಂಕೇತವನ್ನು ನಮೂದಿಸಿರಬೇಕು. ಅದನ್ನು ಐಟಿ ವಿಭಾಗದವರು ಮಾಡಿಕೊಡುತ್ತಾರೆ, ನೀವು ಕೇಳಿ ಮಾಡಿಸಬೇಕು.

ಉಳಿದ ಇಪ್ಪತ್ತೆಂಟು ದಿನ

ಹೊಡೆದಾಟ, ಪೊಲೀಸ್, ಕೇಸು ಎಲ್ಲ ತಿಂಗಳಲ್ಲಿ ಒಂದೆರಡು ದಿನ ಇದ್ದರೆ ಹೆಚ್ಚು. ಉಳಿದ ದಿನಗಳಲ್ಲಿ ಸೂಪರ್‌ವೈಸರ್ ಏನು ಮಾಡುತ್ತಾರೆ ಎಂಬುದರ ಮೇಲೆ ಆ ಒಂದೆರಡು ದಿನದ ಗತಿ ನಿಂತಿದೆ. ಶಿಫ್ಟ್ ಬದಲಾಗುವಾಗ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹತ್ತು ನಿಮಿಷ ಫಾಲ್-ಇನ್ ಮಾಡಿಸಿ. ಚಾರ್ಜ್ ಕೊಡುವವನು ಬಾಯಲ್ಲಿ ಹೇಳಿ ಹೋಗಬಾರದು, ಬರೆದು ಸಹಿ ಮಾಡಬೇಕು. ಯಾವ ಬಲ್ಬ್ ಹೋಗಿದೆ, ಯಾವ ಕಾಂಪೌಂಡ್ ಗೋಡೆ ಹತ್ತಲು ಸುಲಭ, ಯಾವ ಬೀಗ ತುಕ್ಕು ಹಿಡಿದಿದೆ ಎಂದು ವಾರಕ್ಕೊಮ್ಮೆ ಬರೆದು ಆಫೀಸಿಗೆ ಕೊಡಿ, ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ನಿಮ್ಮ ಭಾಗದ ಬೀಟ್ ಪೊಲೀಸ್ ಯಾರು ಎಂದು ತಿಳಿದು, ಅವರ ನಂಬರ್ ಗೇಟ್ ರೂಮಿನ ಗೋಡೆ ಮೇಲೆ ಬರೆಸಿ. ಅವರು ವಾರಕ್ಕೊಮ್ಮೆ ಗೇಟಿನಲ್ಲಿ ಟೀ ಕುಡಿದು ಹೋದರೂ ಸಾಕು, ಹೊರಗಿನ ಹುಡುಗರ ಲೆಕ್ಕಾಚಾರ ಬದಲಾಗುತ್ತದೆ. ಫೆಸ್ಟ್ ಇದ್ದರೆ ವಾರ ಮುಂಚೆಯೇ ಸ್ಟೇಷನ್ನಿಗೆ ಪತ್ರ ಹೋಗಬೇಕು. ನಿಮ್ಮಲ್ಲಿ ಹೋಗಿತ್ತೇ?

ಒಂದು ವಿಷಯದಲ್ಲಿ ನಾನು ಯಾವ ರಾಜಿಗೂ ಒಪ್ಪುವವನಲ್ಲ. ಲೇಡೀಸ್ ಹಾಸ್ಟೆಲಿನ ಹಿಂದಿನ ಬಾಗಿಲಿಗೆ ರಾತ್ರಿ ಸರಪಳಿ ಸುತ್ತಿ ಬೀಗ ಹಾಕುವುದು. ಹೆಣ್ಣುಮಕ್ಕಳು ಹೊರಗೆ ಹೋಗುತ್ತಾರೆ ಎಂಬ ಭಯಕ್ಕೆ ಬೆಂಕಿ ಬಿದ್ದಾಗ ಓಡುವ ದಾರಿಯನ್ನೇ ಮುಚ್ಚುತ್ತಾರೆ. ನಾನು ಭದ್ರತೆಯ ಹೊಣೆ ಹೊತ್ತ ಮೊದಲ ರಾತ್ರಿ ರೌಂಡ್ಸ್ ಹೋದಾಗ ಅಂಥ ಮೂರು ಬೀಗ ಸಿಕ್ಕವು, ಒಂದರ ಕೀಲಿ ಯಾರ ಬಳಿ ಇದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ಒಡೆಸಿದೆ. ಒಳಗಿನಿಂದ ತಳ್ಳಿದರೆ ತೆರೆಯುವ, ತೆರೆದರೆ ಅಲಾರಾಂ ಹೊಡೆಯುವ ಬಾಗಿಲು ಹಾಕಿಸಲು ಎಂಟು ತಿಂಗಳು ಕಡತ ಹಿಡಿದು ಓಡಾಡಿದೆ. ಅಷ್ಟೂ ದಿನ ಆ ಬಾಗಿಲ ಬಳಿ ಒಬ್ಬ ಮಹಿಳಾ ಗಾರ್ಡ್ ಕೂತಿರುತ್ತಿದ್ದರು.

ನಿಮ್ಮ ಗಾರ್ಡ್‌ಗಳ ಬಗ್ಗೆಯೂ ಕೇಳುತ್ತೇನೆ. ಅವರು 12 ಗಂಟೆ ಶಿಫ್ಟ್ ಮಾಡುತ್ತಿದ್ದಾರಾ? ರಿಲೀವರ್ ಬರಲಿಲ್ಲ ಎಂದು ಡಬಲ್ ಡ್ಯೂಟಿ ಆಗುತ್ತಿದೆಯಾ? ಬೆಳಗಿನ ಜಾವ ಮೂರು ಗಂಟೆಗೆ ಮಲಗಿದ ಗಾರ್ಡ್‌ನ ಫೋಟೋ ತೆಗೆದು ಗ್ರೂಪಿಗೆ ಹಾಕುವ ಸೂಪರ್‌ವೈಸರ್‌ಗಳನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹದಿನಾರನೇ ಗಂಟೆಯಲ್ಲಿ ಯಾರೇ ಆದರೂ ಮಲಗುತ್ತಾರೆ. ಪಿಎಫ್, ಇಎಸ್‌ಐ ಕಟ್ಟುತ್ತಿದ್ದಾರಾ, ಕೂರಲು ಕುರ್ಚಿ, ಮಳೆಗೆ ರೇನ್‌ಕೋಟ್, ಮಹಿಳಾ ಗಾರ್ಡ್‌ಗಳಿಗೆ ಹತ್ತಿರದಲ್ಲಿ ಶೌಚಾಲಯ ಇದೆಯಾ ಎಂದು ಕೇಳುವ ಒಬ್ಬನೇ ಒಬ್ಬ ಮನುಷ್ಯ ನೀವು.

ಅಂಥ ಒಬ್ಬ ಗಾರ್ಡ್ ನನಗೆ ಕಲಿಸಿದ್ದನ್ನು ಹೇಳಬೇಕು. ತುಮಕೂರು ಕಡೆಯವರು, ಐವತ್ತು ದಾಟಿದವರು. ಪರೀಕ್ಷೆ ಸಮಯದಲ್ಲಿ ಒಂದು ರಾತ್ರಿ ಟೆರೇಸಿನ ಬಾಗಿಲು ತೆರೆದಿದ್ದು ಕಂಡು ಮೇಲೆ ಹೋದರು. ಒಬ್ಬ ಹುಡುಗ ಅಂಚಿನ ಬಳಿ ಒಬ್ಬನೇ ಕೂತಿದ್ದ. ಇವರು ಕೂಗಲಿಲ್ಲ, ಟಾರ್ಚ್ ಬಿಡಲಿಲ್ಲ, ವಾಕಿಟಾಕಿ ಸದ್ದು ತಗ್ಗಿಸಿ ಸ್ವಲ್ಪ ದೂರದಲ್ಲಿ ಕೂತರು. ‘ನಮ್ಮೂರಲ್ಲಿ ಈ ಸಲ ತೆಂಗಿಗೆ ನುಸಿ ಬಿದ್ದೈತೆ ಕಣಪ್ಪ’ ಎಂದು ಮಾತು ತೆಗೆದರು. ನಲವತ್ತು ನಿಮಿಷ ತೆಂಗು, ಮಳೆ, ಮಗಳ ಮದುವೆ ಸಾಲ ಎಲ್ಲ ಆದ ಮೇಲೆ ಹುಡುಗ ತಾನೇ ಅಳಲು ಶುರು ಮಾಡಿದ. ಇವರ ಕೈ ಹಿಡಿದೇ ಕೆಳಗೆ ಬಂದ. ನಾವು ಅವನನ್ನು ಗದರಲಿಲ್ಲ, ದೂರೂ ಬರೆಯಲಿಲ್ಲ. ತಂದೆತಾಯಿಯನ್ನು ಕರೆಸಿ ವೈದ್ಯರ ಬಳಿಗೆ ಕಳಿಸಿದೆವು. ಆತ್ಮಹತ್ಯೆಗೆ ಯತ್ನಿಸಿದವರು ಕೂಡ ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. 14416 ಎಂಬ ಟೆಲಿ-ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ಸಂಖ್ಯೆಗೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಗೇಟ್ ರೂಮಿನ ಗೋಡೆಯ ಮೇಲೆ ಬೀಟ್ ಪೊಲೀಸರ ನಂಬರಿನ ಪಕ್ಕದಲ್ಲೇ ಅದನ್ನೂ ಬರೆಸಿ. ‘ನಾವು ಯಾರು ಸಾರ್?’ ಎಂದು ಕೇಳಿದಿರಲ್ಲ, ನನಗೆ ತಕ್ಷಣ ನೆನಪಾದದ್ದು ಆ ಮನುಷ್ಯನ ಮುಖ.

ಕೆಲಸ ಬಿಡುವ ಮಾತು

ಬಿಡಬಹುದು. ಆದರೆ ಕೇಸಿನ ಮಾತು ನಡೆಯುತ್ತಿರುವಾಗ ಬಿಟ್ಟರೆ ದಾಖಲೆಗಳು ನಿಮ್ಮ ಕೈತಪ್ಪುತ್ತವೆ, ‘ತಪ್ಪು ಮಾಡಿ ಓಡಿಹೋದ’ ಎಂಬ ಕಥೆ ಹುಟ್ಟುತ್ತದೆ. ಈಗಿರುವ ಹಾಗೆಯೇ ಮುಂದುವರಿದರೆ ಇನ್ನೊಂದು ಫೆಸ್ಟ್, ಇನ್ನೊಂದು ಫೋನ್ ಕರೆ, ಮತ್ತೆ ಇದೇ.

ನನ್ನ ಸಲಹೆ ಮಧ್ಯದ ದಾರಿ. ಏಜೆನ್ಸಿ ಮತ್ತು ಪ್ರಿನ್ಸಿಪಾಲರು ಇಬ್ಬರಿಗೂ ಒಂದು ಪತ್ರ ಬರೆಯಿರಿ. ಯಾವ ಘಟನೆಗೆ ಯಾರಿಗೆ, ಎಷ್ಟು ನಿಮಿಷದೊಳಗೆ ತಿಳಿಸಬೇಕು, 112ಕ್ಕೆ ಕರೆ ಮಾಡುವ ತೀರ್ಮಾನ ಯಾರದು ಎಂಬ ಲಿಖಿತ ಆದೇಶ ಬೇಕು ಎಂದು ಕೇಳಿ. ಜೀವಕ್ಕೆ ಅಪಾಯ ಇದ್ದಾಗ ಸ್ಥಳದಲ್ಲಿರುವ ಗಾರ್ಡ್ ಯಾರನ್ನೂ ಕೇಳದೆ ಕರೆ ಮಾಡಬಹುದು ಎಂಬ ಸಾಲು ಅದರಲ್ಲಿ ಇರಲೇಬೇಕು. ಕೊಡದೆ ಹೋದರೆ, ಪ್ರತಿ ಬಾಯಿಮಾತಿನ ಆದೇಶದ ನಂತರ ಒಂದು ವಾಟ್ಸ್ಆ್ಯಪ್ ಸಂದೇಶ ಕಳಿಸಿ: ‘ಸರ್, ತಾವು ಈಗ 11.40ಕ್ಕೆ ಫೋನಿನಲ್ಲಿ ಹೇಳಿದಂತೆ ಪೊಲೀಸರಿಗೆ ತಿಳಿಸಿಲ್ಲ.’ ಎರಡು ಸಲ ಇಂಥ ಸಂದೇಶ ಹೋದರೆ ಮೂರನೇ ಸಲ ಆದೇಶದ ಧಾಟಿಯೇ ಬದಲಾಗುತ್ತದೆ. ಇದರಲ್ಲಿ ಅಪಾಯ ಇಲ್ಲ ಎಂದು ಹೇಳಲಾರೆ. ‘ಈ ಮನುಷ್ಯ ಬೇಡ, ಬದಲಾಯಿಸಿ’ ಎಂದು ಆಡಳಿತ ಏಜೆನ್ಸಿಗೆ ಹೇಳಬಹುದು. ಏಜೆನ್ಸಿಗೆ ಗುತ್ತಿಗೆ ಮುಖ್ಯ, ನಿಮ್ಮನ್ನು ಬೇರೆ ಸೈಟಿಗೆ ಹಾಕಬಹುದು. ಮನೆಯವರ ಜತೆ ಕೂತು ಆ ಸಾಧ್ಯತೆಯನ್ನು ಮೊದಲೇ ಮಾತಾಡಿಕೊಳ್ಳಿ. ನಿಮಗೆ ಸೇನೆಯ ಪಿಂಚಣಿ ಇದೆ. ನಿಮ್ಮ ಕೈಕೆಳಗಿನ ಅನೇಕರಿಗೆ ಆ ಆಸರೆ ಇಲ್ಲ, ಆದ್ದರಿಂದ ಈ ಪತ್ರ ಅವರಿಗಿಂತ ನೀವು ಬರೆಯುವುದು ಸುಲಭ.

ಈ ವಾರ ಒಬ್ಬ ವಕೀಲರನ್ನು ಕಾಣಿ. ಶುಲ್ಕ ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಅಷ್ಟರಲ್ಲಿ ಎಫ್‌ಐಆರ್ ಆಗಿದ್ದರೆ ವಕೀಲರ ಮೂಲಕವೇ ಮುಂದುವರಿಯಿರಿ, ಆ ಮನೆಯವರನ್ನು ನೇರವಾಗಿ ಸಂಪರ್ಕಿಸಬೇಡಿ. ಆಗಿಲ್ಲವಾದರೆ, ವಕೀಲರು ಒಪ್ಪಿದರೆ, ಆ ಹುಡುಗನನ್ನು ಹೋಗಿ ನೋಡಿ. ಯೂನಿಫಾರ್ಮ್ ಬೇಡ, ಜತೆಗೆ ಗುಂಪು ಬೇಡ. ಚಿಲಕ ಹಾಕಿದ್ದು ತಪ್ಪಾಯಿತು ಎಂದು ಅವನಿಗೇ ಹೇಳಿ. ಪ್ರಿನ್ಸಿಪಾಲರನ್ನೂ ಬನ್ನಿ ಎಂದು ಕರೆಯಿರಿ, ಅವರು ಬಾರದಿದ್ದರೆ ನೀವೊಬ್ಬರೇ ಹೋಗಿ.